ಸೊನ್ನೆ ಹಾಕೋದಾ, ಖಾಲಿ ಬಿಡೋದಾ

ಪಿಎಚ್‌ಡಿ ಮುಗಿದು ಎಂಟು ತಿಂಗಳಾಯಿತು. ಐದೂವರೆ ವರ್ಷ ಏನು ಮಾಡಿದೆ ಅಂತ ಜನ ಇನ್ನೂ ಕೇಳುತ್ತಾರೆ. ನೆಂಟರ ಮದುವೆಯಲ್ಲಿ ಊಟದ ಪಂಕ್ತಿಯಲ್ಲಿ ಕೂತಾಗ ಹೇಳೋಕೆ ಅಂತ ಒಂದು ಉತ್ತರ ಇಟ್ಟುಕೊಂಡಿದ್ದೇನೆ: ಕಪ್ಪೆ ಎಣಿಸಿದೆ. ನಗುತ್ತಾರೆ, ಅಷ್ಟರಲ್ಲಿ ಹೋಳಿಗೆ ಬರುತ್ತದೆ, ಮಾತು ಬೇರೆ ಕಡೆ ಹೋಗುತ್ತದೆ. ನಿಜ ಹೇಳಬೇಕೆಂದರೆ ನಾನು ಕಪ್ಪೆ ಎಣಿಸಿದ್ದಕ್ಕಿಂತ ಜಾಸ್ತಿ ಸೊನ್ನೆ ಬರೆದಿದ್ದೇನೆ. ರಾತ್ರಿ ಹಳ್ಳಕ್ಕೆ ಹೋಗಿ, ಮಳೆಯಲ್ಲಿ ಕಾದು, ಏನೂ ಕಾಣದೆ ವಾಪಸ್ ಬಂದು, ಒದ್ದೆ ಕೈ ಒರೆಸಿಕೊಂಡು ಎಕ್ಸೆಲ್‌ನ ಚೌಕದಲ್ಲಿ ಒಂದು ಸೊನ್ನೆ. ಹೀಗೆ ಮೂರು ಮಳೆಗಾಲ.

ಅದರಲ್ಲಿ ನಾಲ್ಕು ಸೊನ್ನೆಗಳ ಬಗ್ಗೆ ಬರೆಯಬೇಕು ಅಂತ ಬಹಳ ದಿನದಿಂದ ಅಂದುಕೊಂಡಿದ್ದೆ. ನಾನು ಕಪ್ಪೆ ಹುಡುಕುತ್ತಿದ್ದ ಹಳ್ಳಗಳಲ್ಲಿ ಹದಿನೇಳನೇ ನಂಬರಿನ ಜಾಗ, ಮೂರನೇ ವರ್ಷ. ಥೀಸಿಸ್‌ನಲ್ಲಿ ಅವು ಎಲ್ಲ ಸೊನ್ನೆಗಳ ಜೊತೆ ಸೇರಿಹೋಗಿವೆ. ಹುಡುಕಿದರೂ ಸಿಗುವುದಿಲ್ಲ.

ನಾನು ತಿಪಟೂರಿನ ಕಡೆಯವಳು. ನಮ್ಮದು ತೆಂಗಿನ ಸೀಮೆ, ಮಳೆ ಬಂದರೆ ಹಬ್ಬ. ಮಳೆ ಬರದಿದ್ದ ವರ್ಷ ಕಪ್ಪೆಗೆ ಮದುವೆ ಮಾಡಿಸುವುದನ್ನು ಚಿಕ್ಕವಳಿದ್ದಾಗ ನೋಡಿದ್ದೇನೆ, ಕಪ್ಪೆಯ ಜೊತೆ ನನ್ನ ಮೊದಲ ಪರಿಚಯ ಅದೇ. ಪಿಎಚ್‌ಡಿಗೆ ಸೇರಿ, ಉತ್ತರ ಕನ್ನಡದಲ್ಲಿ ಕಪ್ಪೆ ನೋಡೋಕೆ ಹೋಗ್ತೀನಿ ಅಂದಾಗ ಅಮ್ಮ, ‘ಅದಕ್ಕೆ ಅಷ್ಟು ದೂರ ಯಾಕೆ ಹೋಗ್ಬೇಕು, ನಮ್ಮ ಬಾವಿಲೇ ಇದಾವಲ್ಲ’ ಅಂದಳು. ಅಪ್ಪ ಕೇಳಿದ್ದು ಒಂದೇ ಪ್ರಶ್ನೆ, ಇದು ಮುಗಿದ ಮೇಲೆ ಕೆಲಸ ಸಿಗುತ್ತಾ ಅಂತ. ಅಮ್ಮನ ಪ್ರಶ್ನೆಗೆ ಉತ್ತರ ಕೊಡಬಲ್ಲೆ. ಅಪ್ಪನದಕ್ಕೆ ಇನ್ನೂ ಹುಡುಕುತ್ತಿದ್ದೇನೆ.

ಅಷ್ಟು ದೂರ ಹೋಗಿದ್ದು ಕುಂಬಾರ ಕಪ್ಪೆಗಾಗಿ. ಸಿದ್ದಾಪುರ ತಾಲೂಕಿನ ಕತ್ತಲೆಕಾನಿನ ಸುತ್ತಮುತ್ತ ಸಿಗುವ ಈ ಕಪ್ಪೆಯನ್ನು ಕೆ.ವಿ. ಗುರುರಾಜ ಮತ್ತು ಅವರ ಜೊತೆಗಾರರು 2014ರಲ್ಲಿ ಹೊಸ ಪ್ರಭೇದ ಅಂತ ಗುರುತಿಸಿ ಹೆಸರಿಟ್ಟರು. ವೈಜ್ಞಾನಿಕ ಹೆಸರಿನಲ್ಲೇ ಕುಂಬಾರ ಇದೆ, ನಿಕ್ಟಿಬಟ್ರಾಕಸ್ ಕುಂಬಾರ. ಹೆಣ್ಣು ಮೊಟ್ಟೆ ಇಟ್ಟು ಹೋದ ಮೇಲೆ ಗಂಡು ಅದಕ್ಕೆ ಕೆಸರು ಮೆತ್ತುತ್ತದೆ. ಓದುವಾಗ ಒಂದು ಸಾಲು. ಕಣ್ಣೆದುರು ನೋಡುವಾಗ ಹಾಗಲ್ಲ. ಮೊದಲ ವರ್ಷ ಜುಲೈನಲ್ಲಿ, ಹದಿನೇಳನೇ ಜಾಗದಲ್ಲೇ, ಹಳ್ಳದ ಮೇಲೆ ಬಾಗಿದ್ದ ಒಂದು ಸಣ್ಣ ಕಡ್ಡಿಗೆ ಮೊಟ್ಟೆ ಅಂಟಿಕೊಂಡಿತ್ತು. ಕೆಳಗೆ ಗಂಡು. ಟಾರ್ಚನ್ನು ಕೈಯಲ್ಲಿ ಮುಚ್ಚಿ, ಬೆರಳ ಸಂದಿಯಿಂದ ಬೀಳುವಷ್ಟೇ ಬೆಳಕು ಬಿಟ್ಟು ಕೂತೆವು. ಅದು ನೀರಿನ ತಳಕ್ಕೆ ಮುಂಗೈ ಹಾಕಿ ಕೆಸರು ಬಾಚಿತು. ಹಿಂಗಾಲಿನ ಮೇಲೆ ಎದ್ದು ನಿಂತಿತು, ಪುಟ್ಟ ಮಗು ಮೇಜಿನ ಮೇಲಿನ ಡಬ್ಬಿಗೆ ಕೈ ಚಾಚುತ್ತದಲ್ಲ ಹಾಗೆ. ಮೊಟ್ಟೆಯ ಮೇಲೆ ಸವರಿತು. ಮತ್ತೆ ಕೂತಿತು, ಮತ್ತೆ ಬಾಚಿತು, ಮತ್ತೆ ನಿಂತಿತು. ಒಂದು ಸಲ ಆಯ ತಪ್ಪಿ ನೀರಿಗೆ ಬಿತ್ತು. ಎದ್ದು ಮತ್ತೆ ಶುರು. ನನ್ನ ಬೂಟಿನೊಳಗೆ ಎಷ್ಟು ಉಂಬಳ, ಅಂದರೆ ಕಾಡಿನ ಜಿಗಣೆ, ಹೊಕ್ಕಿದ್ದವೋ, ಅವತ್ತು ಒಂದರ ನೆನಪೂ ಆಗಲಿಲ್ಲ.

ನನ್ನ ಜೊತೆ ಪ್ರತಿ ರಾತ್ರಿ ಬರುತ್ತಿದ್ದ ಅಣ್ಣ ಆ ಊರಿನವರು. ಮೆಲ್ಲಗೆ ಹೇಳಿದರು, ‘ಕುಂಬಾರನೂ ಅಲ್ಲ ತಂಗಿ, ಗಾರೆ ಕೆಲಸದವನು ಇವ.’

ಈ ಅಣ್ಣನ ಬಗ್ಗೆ ಒಂದು ಮಾತು. ಕಪ್ಪೆಯ ಕೂಗನ್ನು ನಾನು ಸ್ಪೀಕರಿನಲ್ಲಿ ಹಾಕಿ ಹಾಕಿ ಕಲಿಯುತ್ತಿದ್ದ ದಿನಗಳಲ್ಲಿ ಅವರು ಹಳ್ಳ ಇನ್ನೂ ಐವತ್ತು ಹೆಜ್ಜೆ ದೂರ ಇದ್ದಾಗಲೇ ಮೂರು ಜಾತಿ ಬೇರೆ ಮಾಡಿ ಹೇಳುತ್ತಿದ್ದರು. ಪ್ರಬಂಧ ಪ್ರಕಟವಾದಾಗ ಅವರ ಹೆಸರು ಎಲ್ಲಿ ಬಂತು ಅಂದರೆ, ಕೊನೆಯಲ್ಲಿ ಧನ್ಯವಾದ ಹೇಳುವ ಪ್ಯಾರಾದಲ್ಲಿ, ದುಡ್ಡು ಕೊಟ್ಟವರ ಹೆಸರು ಆದ ಮೇಲೆ. ರೂಢಿ ಹಾಗಿದೆ ಅಂದರು. ನಾನೂ ಸುಮ್ಮನಿದ್ದೆ. ಸುಮ್ಮನಿದ್ದದ್ದು ತಪ್ಪು ಅಂತ ಈಗ ಅನ್ನಿಸುತ್ತದೆ, ಆಗ ನನಗೆ ಪ್ರಬಂಧ ಬೇಕಾಗಿತ್ತು.

ಸೇರಿದ ಹೊಸದರಲ್ಲಿ ನನ್ನ ಪ್ರಶ್ನೆ ಬಹಳ ದೊಡ್ಡದಿತ್ತು. ಹವಾಮಾನ ಬದಲಾವಣೆಯಿಂದ ಪಶ್ಚಿಮ ಘಟ್ಟದ ಕಪ್ಪೆಗಳಿಗೆ ಏನಾಗುತ್ತದೆ, ಅಂತ. ಗೈಡ್ ಅರ್ಧ ಗಂಟೆ ಕೇಳಿಸಿಕೊಂಡರು. ‘ಘಟ್ಟ 1,600 ಕಿಲೋಮೀಟರ್ ಉದ್ದ ಇದೆ ಕಣಮ್ಮ, ನಿನ್ನ ಹತ್ತಿರ ಎಷ್ಟು ಜೊತೆ ಬೂಟಿದೆ?’ ಅಂದರು. ಮಾತು ಮುಗಿಯುವ ಹೊತ್ತಿಗೆ ಪ್ರಶ್ನೆ ಇಷ್ಟಾಗಿತ್ತು: ಅಡಿಕೆ ತೋಟದ ನಡುವೆ ಹರಿಯುವ ಹಳ್ಳಗಳಲ್ಲಿ, ಯಾವುದರಲ್ಲಿ ಈ ಒಂದು ಕಪ್ಪೆ ಉಳಿದಿದೆ, ಯಾವುದರಲ್ಲಿ ಇಲ್ಲ, ಯಾಕೆ. ಅವತ್ತು ಹಾಸ್ಟೆಲ್‌ಗೆ ಬಂದು ಅತ್ತಿದ್ದೆ, ಲೋಕ ಉಳಿಸೋಕೆ ಹೊರಟವಳಿಗೆ ಹಳ್ಳ ಎಣಿಸುವ ಕೆಲಸ ಕೊಟ್ಟರು ಅಂತ.

ಅಲ್ಲಿನ ಹಳ್ಳ ಅಂದರೆ ಏನು ಅಂತ ಬಯಲುಸೀಮೆಯವರಿಗೆ ಸ್ವಲ್ಪ ಹೇಳಬೇಕು. ಎರಡು ಗುಡ್ಡದ ನಡುವಿನ ತಗ್ಗಿನಲ್ಲಿ ಅಡಿಕೆ ತೋಟ, ಮೇಲೆ ತೋಟಕ್ಕೆ ಸೊಪ್ಪು ತರುವ ಸೊಪ್ಪಿನ ಬೆಟ್ಟ, ಅದರ ಮೇಲೆ ಕಾನು, ಅಂದರೆ ದಟ್ಟ ಕಾಡು. ಬ್ರಿಟಿಷರ ಕಾಲದಿಂದ ಬಂದ ಲೆಕ್ಕ, ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆ ಬೆಟ್ಟ. ಕಾನಿನಿಂದ ಇಳಿದ ನೀರು ತೋಟದ ಅಂಚಿಗೇ ಹರಿಯುತ್ತದೆ. ವರ್ಷವಿಡೀ ನೀರು ನಿಲ್ಲುವ ತಗ್ಗಿನಲ್ಲಿ ರಾಮಪತ್ರೆ ಜಡ್ಡಿ ಇರುತ್ತಿತ್ತು, ಬೇರುಗಳು ಊರುಗೋಲಿನ ಹಾಗೆ, ಮೊಣಕಾಲಿನ ಹಾಗೆ ಕೆಸರಿನಿಂದ ಮೇಲೆದ್ದಿರುವ ಹಳೇ ಕಾಡು. ಅಡಿಕೆಗೆ ಬೇಕಾಗಿದ್ದೂ ಅಂಥದ್ದೇ ಜಾಗ. ಹಾಗಾಗಿ ಜಡ್ಡಿಗಳು ಬಹುಪಾಲು ಎಂದೋ ತೋಟವಾದವು. ಉಳಿದಿದ್ದು ಅಲ್ಲೊಂದು ಇಲ್ಲೊಂದು. ಹೀಗೆ ಮಾಡಿದವರನ್ನು ಬೈಯಲು ನನಗೆ ಬಾಯಿ ಬರುವುದಿಲ್ಲ. ಅವರ ಮನೆಯಲ್ಲೇ ಉಳಿದುಕೊಂಡು, ಅವರು ಹಾಕಿದ ಅಪ್ಪೆಮಿಡಿ ಉಪ್ಪಿನಕಾಯಿಯಲ್ಲೇ ಮೂರು ಮಳೆಗಾಲ ಉಂಡವಳು ನಾನು.

ಮಳೆಗಾಲ ಅಂದರೆ ಅವರಿಗೂ ಪುರುಸೊತ್ತಿಲ್ಲದ ಕಾಲ. ಅಡಿಕೆಗೆ ಕೊಳೆರೋಗ ಬರುವ ಮೊದಲು ಮರ ಹತ್ತುವ ಕೊನೆಗೌಡರನ್ನು ಹಿಡಿಯಬೇಕು, ಮದ್ದು ಹೊಡೆಸಬೇಕು. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಮಳೆ ಹಿಡಿಯುವ ಮೊದಲು ಒಮ್ಮೆ, ನಲವತ್ತು ನಲವತ್ತೈದು ದಿನಕ್ಕೆ ಇನ್ನೊಮ್ಮೆ. ಕಾಫಿಯ ಕಪ್ಪು ಕೊಳೆಗೆ ಕಾರಣವಾದ ಶಿಲೀಂಧ್ರಕ್ಕೆ ವಿಜ್ಞಾನಿಗಳು ‘ಕೊಳೆರೋಗ’ ಅಂತಲೇ ಲ್ಯಾಟಿನ್ ಹೆಸರಿಟ್ಟಿದ್ದಾರೆ, ನಮ್ಮ ಕಾಯಿಲೆಯ ಹೆಸರು ಹಾಗೇ ಹೋಗಿ ಪುಸ್ತಕದಲ್ಲಿ ಕೂತಿದೆ. ಮೈಲುತುತ್ತದಲ್ಲಿರುವ ತಾಮ್ರ ನೀರಿಗಿಳಿದರೆ ಗೊದಮೊಟ್ಟೆಗೆ ಒಳ್ಳೆಯದಲ್ಲ. ಆದ್ದರಿಂದ ಮದ್ದು ಕಲಸುವ ಜಾಗ ಹಳ್ಳದಿಂದ ಎಷ್ಟು ದೂರ ಅಂತಲೂ ನಾನು ಟೇಪು ಹಿಡಿದು ಅಳೆಯುತ್ತಿದ್ದೆ. ಯಾರದೋ ತೋಟದಲ್ಲಿ, ಅವರ ಎದುರಿಗೇ. ‘ಎಂತ ಅಳೆಯೂದು?’ ಅಂತ ಕೇಳಿದರೆ ‘ಸುಮ್ನೆ, ಓದಿಗೆ’ ಅಂತಿದ್ದೆ.

ಈ ‘ಸುಮ್ನೆ, ಓದಿಗೆ’ ಮುಂದೆ ಮತ್ತೆ ಬರುತ್ತದೆ.

ಕಪ್ಪೆ ಕೆಲಸದಲ್ಲಿ ಕಷ್ಟದ್ದು ಮಳೆಯಲ್ಲ, ಉಂಬಳವೂ ಅಲ್ಲ. ಉಂಬಳಕ್ಕೆ ಹೊಗೆಸೊಪ್ಪಿನ ಪುಡಿ, ಸುಣ್ಣ ಇದೆ. ಕಪ್ಪೆ ತೂಗಿದ ಹಾಗೆ ಅಂತ ಗಾದೆ ಇದೆಯಲ್ಲ, ನಾನು ನಿಜವಾಗಿಯೂ ತೂಗಿದ್ದೇನೆ, ಜಿಪ್ ಕವರಿನಲ್ಲಿ ಹಾಕಿ, ಒಂದೊಂದಾಗಿ. ಅದೂ ಅಷ್ಟೇನು ಕಷ್ಟ ಅಲ್ಲ. ಕಷ್ಟ ಇರುವುದು ‘ಇಲ್ಲ’ ಅಂತ ಹೇಳುವುದರಲ್ಲಿ. ಕಂಡರೆ ಇದೆ, ಅಲ್ಲಿಗೆ ಮುಗಿಯಿತು. ಕಾಣದಿದ್ದರೆ? ಮಳೆ ಜೋರಿದ್ದು ಕೂಗು ಕೇಳಿಸದೆ ಇರಬಹುದು, ಅವತ್ತು ಅದು ಕೂಗದೆ ಇರಬಹುದು, ನಾನು ನಿಂತ ಕಲ್ಲಿನ ಕೆಳಗೇ ಇರಬಹುದು. ಒಂದು ರಾತ್ರಿ ಹೋದರೆ, ಇರುವ ಕಪ್ಪೆ ನನಗೆ ಗೊತ್ತಾಗುವ ಸಾಧ್ಯತೆ ನೂರಕ್ಕೆ ಮೂವತ್ತು ಅಂದುಕೊಳ್ಳಿ. ತಪ್ಪಿಹೋಗುವುದು ಎಪ್ಪತ್ತು. ಅದೇ ಜಾಗಕ್ಕೆ ನಾಲ್ಕು ರಾತ್ರಿ ಹೋದರೆ ನಾಲ್ಕೂ ಸಲ ತಪ್ಪಿಹೋಗುವುದು 0.7ನ್ನು ನಾಲ್ಕು ಸಲ ಗುಣಿಸಿದಷ್ಟು, ಹತ್ತಿರಹತ್ತಿರ 0.24. ಅಂದರೆ ನಾಲ್ಕು ರಾತ್ರಿ ನೆನೆದ ಮೇಲೂ, ಕಪ್ಪೆ ಇರುವ ನಾಲ್ಕು ಹಳ್ಳದಲ್ಲಿ ಒಂದನ್ನು ‘ಇಲ್ಲ’ ಅಂತ ಬರೆದಿರುತ್ತೇನೆ.

ಈ ತಪ್ಪನ್ನು ಲೆಕ್ಕದಲ್ಲೇ ಹಿಡಿಯುವ ದಾರಿಯನ್ನು ಮೆಕೆಂಜಿ ಮತ್ತು ಜೊತೆಗಾರರು 2002ರಲ್ಲಿ ತೋರಿಸಿದರು. ಅವರು ಉದಾಹರಣೆಗೆ ತೆಗೆದುಕೊಂಡಿದ್ದೂ ಕಪ್ಪೆಯನ್ನೇ, ಅಮೆರಿಕದ ಮೇರಿಲ್ಯಾಂಡಿನ 32 ಜೌಗುಗಳಲ್ಲಿ ಕೇಳಿದ ಕೂಗುಗಳನ್ನು. ಒಂದೇ ಜಾಗಕ್ಕೆ ಮತ್ತೆ ಮತ್ತೆ ಹೋಗಿ, ಕಂಡರೆ ಒಂದು, ಹೋಗಿಯೂ ಕಾಣದಿದ್ದರೆ ಸೊನ್ನೆ, ಹೋಗೋಕೇ ಆಗದಿದ್ದರೆ ಖಾಲಿ. ಮೂರೇ ಚಿಹ್ನೆ. ಸೊನ್ನೆಗೂ ಖಾಲಿಗೂ ಇರುವ ವ್ಯತ್ಯಾಸ ನನ್ನ ತಲೆಯೊಳಗೆ ಎಷ್ಟು ಹೊಕ್ಕಿತ್ತು ಅಂದರೆ, ಅಮ್ಮ ಫೋನಿನಲ್ಲಿ ‘ನಿನ್ನ ತಮ್ಮ ಮನೇಲಿಲ್ಲ’ ಅಂದರೆ, ‘ಇಲ್ವಾ, ನೀನು ನೋಡಿಲ್ವಾ?’ ಅಂತ ಕೇಳುತ್ತಿದ್ದೆ.

ಇನ್ನು ಉಳಿದದ್ದು ಎಲ್ಲ ಪಿಎಚ್‌ಡಿಗಳ ಕತೆಯೇ, ಬೇಗ ಹೇಳಿ ಮುಗಿಸುತ್ತೇನೆ. ಕಾಡಿಗೆ ಹೋಗುವ ಅನುಮತಿ ಪತ್ರ ಬರುವಷ್ಟರಲ್ಲಿ ಒಂದು ಮಳೆಗಾಲ ಹೋಯಿತು. ಫೆಲೋಶಿಪ್ 2023ರಿಂದ ಮೊದಲ ಎರಡು ವರ್ಷಕ್ಕೆ ತಿಂಗಳಿಗೆ 37,000, ಆಮೇಲೆ 42,000, ಕೇಳೋಕೆ ಚೆನ್ನಾಗಿದೆ. ಆದರೆ ಪ್ರತಿ ತಿಂಗಳು ಬರುತ್ತಿರಲಿಲ್ಲ, ಬರದ ತಿಂಗಳು ಪೆಟ್ರೋಲಿಗೆ ತಮ್ಮನ ಹತ್ತಿರ ಕೈಚಾಚಬೇಕಾಗಿತ್ತು. ವರ್ಷಕ್ಕೊಮ್ಮೆ ಕಮಿಟಿ. ಅಲ್ಲಿ ಒಬ್ಬರು ಪ್ರತಿ ಸಲ ‘ಇದರಲ್ಲಿ ಹೊಸದೇನಿದೆ?’ ಅಂತ ಕೇಳುತ್ತಿದ್ದರು. ಪ್ರಶ್ನೆಯಲ್ಲೂ ಹೊಸದೇನಿರಲಿಲ್ಲ.

ಬೇಜಾರಾದಾಗ ನಾನು ನೆನೆಯುತ್ತಿದ್ದದ್ದು ಸಿ.ಆರ್. ನಾರಾಯಣರಾಯರನ್ನು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಿದ್ದವರು. 1937ರಲ್ಲಿ ದಕ್ಷಿಣ ಭಾರತದ ಎಷ್ಟೋ ಹೊಸ ಕಪ್ಪೆಗಳನ್ನು ಒಂದೇ ಬರಹದಲ್ಲಿ ವಿವರಿಸಿದರು, ಕೊಟ್ಟಿಗೆಹಾರದ ಹೆಸರು ಹೊತ್ತ ಕಪ್ಪೆಯೂ ಅದರಲ್ಲಿದೆ. ಅವರು ಜೋಪಾನ ಮಾಡಿಟ್ಟಿದ್ದ ಮಾದರಿಗಳು ಆಮೇಲೆ ಕಳೆದುಹೋದವು. ಹೆಸರಿದೆ, ವಿವರಣೆ ಇದೆ, ಕಪ್ಪೆ ಇಲ್ಲ. ಮುಂದಿನವರು ಅವೇ ಊರುಗಳಿಗೆ ಮತ್ತೆ ಹೋಗಿ, ರಾಯರು ಹೇಳಿದ್ದು ಇದನ್ನೇನಾ ಅಂತ ಹುಡುಕಬೇಕಾಯಿತು. ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿನ್ನೋಕೆ ಬಸ್ಸಿಳಿಯುವಾಗಲೆಲ್ಲ ನನಗೆ ಇದು ನೆನಪಾಗುತ್ತದೆ.

ಹದಿನೇಳಕ್ಕೆ ಬರುತ್ತೇನೆ.

ಮೊದಲ ವರ್ಷ ಅಲ್ಲಿ ನಾಲ್ಕಕ್ಕೆ ಮೂರು ರಾತ್ರಿ ಕಪ್ಪೆ ಸಿಕ್ಕಿತ್ತು. ಎರಡನೇ ವರ್ಷ ನಾಲ್ಕಕ್ಕೆ ನಾಲ್ಕು. ನನ್ನ ಎಲ್ಲ ಜಾಗಗಳಲ್ಲಿ ಒಳ್ಳೆಯದು ಅದೇ. ಮೂರನೇ ವರ್ಷ ಜೂನ್ ಕೊನೆಯಲ್ಲಿ ಅಣ್ಣನೂ ನಾನೂ ಹೋದರೆ ಹಳ್ಳ ಇರಲಿಲ್ಲ. ಹಳ್ಳ ಇದ್ದ ಕಡೆ ಜೆಸಿಬಿಯ ಹಲ್ಲಿನ ಗುರುತಿದ್ದ ಕೆಂಪು ದರೆ, ಕೆಳಗೆ ಚೌಕಾಕಾರದ ಹೊಂಡ, ಅದರಲ್ಲಿ ಚಹಾದ ಬಣ್ಣದ ನೀರು. ಮೇಲಿನಿಂದ ಬರುವ ನೀರನ್ನು ದಪ್ಪ ಪೈಪಿನಲ್ಲಿ ನೇರ ಹೊಂಡಕ್ಕೆ ಬಿಟ್ಟಿದ್ದರು. ಎರಡು ವರ್ಷದಿಂದ ಏಪ್ರಿಲ್‌ನಲ್ಲಿ ಹಳ್ಳ ಬತ್ತುತ್ತಿತ್ತು, ತೋಟ ಒಣಗುತ್ತಿತ್ತು. ಹೊಂಡ ತೋಡಿಸದೆ ತೋಟದವರಾದರೂ ಏನು ಮಾಡಬೇಕು?

ನಾವು ಸ್ವಲ್ಪ ಹೊತ್ತು ಸುಮ್ಮನೆ ನಿಂತೆವು. ಅಣ್ಣ ಬೀಡಿ ಹಚ್ಚಿದರು. ಆ ರಾತ್ರಿ ನೆಟ್‌ವರ್ಕ್ ಸಿಗುವ ಗುಡ್ಡ ಹತ್ತಿ ಗೈಡ್‌ಗೆ ಫೋನ್ ಮಾಡಿದೆ. ಹದಿನೇಳಕ್ಕೆ ಏನು ಹಾಕಲಿ, ಸೊನ್ನೆ ಹಾಕೋದಾ, ಖಾಲಿ ಬಿಡೋದಾ? ಅವರು ಯೋಚಿಸಿ ಹೇಳಿದರು. ಖಾಲಿ ಬಿಟ್ಟರೆ ಹೋಗಿಲ್ಲ ಅಂತ ಅರ್ಥ, ನೀನು ಹೋಗಿದ್ದೀಯ. ಸೊನ್ನೆ ಹಾಕಬೇಕು ಅಂದರೆ ಬೇರೆ ಜಾಗದಲ್ಲಿ ಹುಡುಕಿದಷ್ಟೇ ಹೊತ್ತು, ಅಷ್ಟೇ ಸಲ ಅಲ್ಲೂ ಹುಡುಕಿರಬೇಕು.

ಸರಿಯಾದ ಮಾತೇ. ಹಾಗಾಗಿ ಹುಡುಕಿದೆ. ಕಪ್ಪೆ ಇಲ್ಲ ಅಂತ ಇಬ್ಬರಿಗೂ ಗೊತ್ತಿದ್ದ ಹೊಂಡದ ಸುತ್ತ, ಆ ಮಳೆಗಾಲದಲ್ಲಿ ನಾಲ್ಕು ರಾತ್ರಿ, ಪ್ರತಿ ಸಲ ಒಂದು ಗಂಟೆ, ಟಾರ್ಚ್ ಹಿಡಿದು ನಡೆದೆವು. ಗಾಳಿ, ಮಳೆ, ನೀರಿನ ತಾಪಮಾನ ಎಲ್ಲ ಬರೆದೆ. ಮೂರನೇ ರಾತ್ರಿ ಅಣ್ಣ, ‘ತಂಗಿ, ಇದು ತಿಥಿ ಮಾಡಿದ ಹಾಗೆ ಆಯ್ತಲ್ಲ’ ಅಂದರು. ನಾನು ಉತ್ತರ ಕೊಡದೆ ಸೊನ್ನೆ ಬರೆದೆ.

ಕಂಪ್ಯೂಟರಿಗೆ ಆ ಸೊನ್ನೆ ಮತ್ತು ಇನ್ಯಾವುದೋ ಹಳ್ಳದ ಸೊನ್ನೆ ಎರಡೂ ಒಂದೇ. ಹೊಂಡವಾಯಿತು ಅನ್ನುವುದಕ್ಕೆ ಇನ್ನೊಂದು ಕಾಲಮ್ ಇದೆ, ಅಲ್ಲೂ ಒಂದು ಅಂಕಿ. ಫಲಿತಾಂಶ ಚೆನ್ನಾಗಿಯೇ ಬಂತು. ನೀರಿನ ಮೇಲೆ ನೆರಳಿದ್ದು, ತಳದಲ್ಲಿ ನುಣುಪು ಕೆಸರಿದ್ದು, ಹರಿವು ನಿಧಾನ ಇದ್ದ ಕಡೆ ಕಪ್ಪೆ ಇದೆ. ತೋಟವೇ ಇದ್ದರೂ ಚಿಂತೆಯಿಲ್ಲ, ಅಂಚಿನ ಗಿಡ ಕಡಿಯದಿದ್ದರೆ ಸಾಕು. ವೈವಾದಲ್ಲಿ ಹೊರಗಿನಿಂದ ಬಂದ ಪರೀಕ್ಷಕರು ಇದನ್ನು ಮೆಚ್ಚಿಕೊಂಡರು. ಜೀವವಿಜ್ಞಾನಿ ಮೈಕೆಲ್ ಸೂಲೆ 1985ರಲ್ಲಿ ಬರೆದದ್ದನ್ನು ನೆನಪಿಸಿದರು, ಶರೀರಶಾಸ್ತ್ರಕ್ಕೆ ಶಸ್ತ್ರಚಿಕಿತ್ಸೆ ಹೇಗೋ ಜೀವಶಾಸ್ತ್ರಕ್ಕೆ ನಮ್ಮ ಈ ಸಂರಕ್ಷಣೆಯ ವಿದ್ಯೆ ಹಾಗೆ, ಎಲ್ಲ ತಿಳಿಯುವವರೆಗೆ ಕಾಯುವಂತಿಲ್ಲ ಅಂತ. ನಾನು ತಲೆಯಾಡಿಸಿದೆ. ಐದೂವರೆ ವರ್ಷದ ಶಸ್ತ್ರಚಿಕಿತ್ಸೆ. 2023ರ ಜಾಗತಿಕ ಲೆಕ್ಕದಲ್ಲಿ ಉಭಯವಾಸಿಗಳಲ್ಲಿ ನೂರಕ್ಕೆ 41ರಷ್ಟು ಪ್ರಭೇದಗಳು ಅಪಾಯದಲ್ಲಿವೆ ಅಂತ ನನ್ನ ಮೊದಲ ಸ್ಲೈಡಿನಲ್ಲೇ ಇತ್ತು. ಆ ಸ್ಲೈಡ್ ತೋರಿಸುವಾಗ ನನಗೇನೂ ಅನ್ನಿಸಲಿಲ್ಲ. ಹದಿನೇಳನೇ ಜಾಗದ ಫೋಟೋ ಬಂದಾಗ ನೀರು ಕುಡಿಯಬೇಕಾಯಿತು.

ಯಾಕೆ ಅಂದರೆ, ಥೀಸಿಸ್ ಬರೆಯುವ ಮೊದಲು ಹೊಂಡ ತೋಡಿಸಿದ ಮನೆಯವರ ಹತ್ತಿರ ಮಾತಾಡಿದ್ದೆ. ಮೂರು ವರ್ಷ ಅವರ ತೋಟದಲ್ಲೇ ಓಡಾಡಿ, ಅವರ ಜಗಲಿಯಲ್ಲಿ ಕಷಾಯ ಕುಡಿದು, ಕೊನೆಗೊಮ್ಮೆ ಫೋನಿನಲ್ಲಿದ್ದ ವಿಡಿಯೋ ತೋರಿಸಿದೆ. ಕೆಸರು ಮೆತ್ತುವ ಕಪ್ಪೆ, ಮೊದಲ ವರ್ಷದ್ದು. ಅವರು ಕನ್ನಡಕ ಹಾಕಿಕೊಂಡು ಎರಡು ಸಲ ನೋಡಿದರು.

‘ಇದು ಎಲ್ಲಿದು?’

‘ಇಲ್ಲಿದೇ. ನಿಮ್ಮ ಹಳ್ಳದ್ದು.’

‘ಹೊಂಡ ಆದಲ್ಲಿಯಾ?’

‘ಹೌದು.’

ಮೂರನೇ ಸಲ ನೋಡಿದರು. ಫೋನು ವಾಪಸ್ ಕೊಡುತ್ತಾ ಅಂದರು, ‘ಮೊದಲೇ ಹೇಳಿದ್ರೆ ಒಂದು ಇಪ್ಪತ್ತು ಮಾರು ಕೆಳಗೆ ತೋಡಿಸ್ತಿದ್ನಲ್ಲ ತಂಗಿ. ನೀರು ಅಲ್ಲೂ ನಿಲ್ತಿತ್ತು.’

ಬೈದಿದ್ದರೆ ಚೆನ್ನಾಗಿತ್ತು. ಪಾಪ, ಬೈಯಲಿಲ್ಲ. ಎಂತ ಅಳೆಯೂದು ಅಂತ ಕೇಳಿದವರು ಇವರೇ. ಜಾಗದ ಜನಕ್ಕೆ ನಾವು ಏನಾದರೂ ಹೇಳಿದರೆ ಅವರು ನಡೆದುಕೊಳ್ಳುವ ರೀತಿ ಬದಲಾಗುತ್ತದೆ, ಆಗ ದತ್ತಾಂಶ ಕೆಡುತ್ತದೆ ಅಂತ ಎಲ್ಲೋ ಓದಿದ್ದೆ, ಅಥವಾ ಯಾರೋ ಸೀನಿಯರ್ ಹೇಳಿದ್ದರು. ಅದಕ್ಕಿಂತ ಜಾಸ್ತಿ, ದಣಿದಿರುತ್ತಿದ್ದೆ, ಹೇಳೋಕೆ ಕೂತರೆ ಅರ್ಧ ಗಂಟೆ ಹೋಗುತ್ತದೆ ಅಂತ ಸೋಮಾರಿತನ. ಥೀಸಿಸ್‌ನ ಕೊನೇ ಅಧ್ಯಾಯದಲ್ಲಿ ‘ಸ್ಥಳೀಯರ ಸಹಭಾಗಿತ್ವ ಅಗತ್ಯ’ ಅಂತ ಒಂದು ಸಾಲು ಬರೆದಿದ್ದೇನೆ. ಬೇರೆ ಇನ್ನೂರು ಥೀಸಿಸ್‌ನಲ್ಲೂ ಆ ಸಾಲು ಸಿಗುತ್ತದೆ.

ಈ ಜುಲೈನಲ್ಲಿ ಮತ್ತೆ ಹೋಗಿದ್ದೆ. ಕೆಲಸ ಏನೂ ಇರಲಿಲ್ಲ. ಕನ್ನಡದಲ್ಲಿ ನಾಲ್ಕು ಪುಟ ಬರೆದು, ಚಿತ್ರ ಹಾಕಿ, ಜೆರಾಕ್ಸ್ ಮಾಡಿಸಿಕೊಂಡು ಹೋಗಿ ಮನೆಮನೆಗೆ ಕೊಟ್ಟೆ. ಸಂಜೆ ಹೊಂಡದ ಮನೆಗೆ ಹೋದರೆ ಯಜಮಾನರು ಜಗಲಿಯಿಂದಲೇ ಕೂಗಿದರು. ‘ಬಾ ತಂಗಿ, ಆಸರಿಗೆ ಎಂತ ಬೇಕು? ಕೇಳಿತಾ, ನಿನ್ನ ಕಪ್ಪೆ ವಾಪಸ್ ಬಂದಿದೆ!’

ಹೊಂಡದ ಕಡೆಯಿಂದ ಕೂಗು ಜೋರಾಗಿಯೇ ಬರುತ್ತಿತ್ತು. ಗದ್ದೆ ಕಪ್ಪೆ. ಮಳೆ ಬಿದ್ದರೆ ತಿಪಟೂರಿನ ಚರಂಡಿಯಲ್ಲೂ ಕೂಗುತ್ತದೆ. ಅವರ ಮುಖ ನೋಡಿ ಒಂದು ಕ್ಷಣ ಹೌದು ಅಂದುಬಿಡೋಣ ಅನ್ನಿಸಿತು.

‘ಅದು ಬೇರೆ ಕಪ್ಪೆ’ ಅಂದೆ. ‘ಬನ್ನಿ, ಪೈಪಿಗಿಂತ ಮೇಲೆ ಒಂದು ಕವಲಿದೆಯಲ್ಲ, ಅಲ್ಲಿ ಹೋಗಿ ಕೇಳೋಣ.’

ಕಷಾಯ ಕುಡಿದು ಹೊರಟೆವು. ಅವರ ಏಳನೇ ಕ್ಲಾಸಿನ ಮಗಳೂ ಬರ್ತೀನಿ ಅಂತ ಹಠ ಮಾಡಿ ಅಪ್ಪನ ಹಳೇ ಬೂಟು ಹಾಕಿಕೊಂಡಳು. ಕವಲಿನ ಹತ್ತಿರ ಇನ್ನೂ ಗಿಡ ಮುಚ್ಚಿಕೊಂಡಿದೆ, ತಳದಲ್ಲಿ ಕೆಸರಿದೆ. ಟಾರ್ಚ್ ಆರಿಸಿ ಇಪ್ಪತ್ತು ನಿಮಿಷ ಕಾದೆವು. ಕೆಳಗಿನಿಂದ ಗದ್ದೆ ಕಪ್ಪೆಯ ಸದ್ದು, ಎಲೆಯಿಂದ ಹನಿ ಬೀಳುವ ಸದ್ದು, ಬೇರೇನೂ ಇಲ್ಲ.

‘ಇಲ್ವಾ ಅಕ್ಕ?’

‘ಇವತ್ತು ಕೇಳಲಿಲ್ಲ.’

‘ಹಾಗಾದ್ರೆ ನಾಳೆ ಬರೋದಾ?’ ಅಂತ ಕೇಳಿ, ಉತ್ತರಕ್ಕೂ ಕಾಯದೆ, ಕಲ್ಲಿನ ಮೇಲೆ ಕೂತು ಬೂಟು ಬಿಚ್ಚಿ ಉಂಬಳ ಕೀಳೋಕೆ ಶುರು ಮಾಡಿದಳು.